ತೋಟಗಾರನ ಗೊಣಗಾಟದಲ್ಲಿ ಸಿಕ್ಕಿದ ನಾಟಕ

ಡಿಸೆಂಬರ್ 26, ಕ್ರಿಸ್‌ಮಸ್ ಹಬ್ಬದ ಮರುದಿನ. ಇಂಗ್ಲೆಂಡಿನ ಬಾತ್ ಪಟ್ಟಣದ ಹತ್ತಿರ ಮಾರ್ಷ್‌ಫೀಲ್ಡ್ ಎಂಬ ಊರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅದರ ದೊಡ್ಡ ಬೀದಿಯಲ್ಲಿ ಜನವೋ ಜನ. ಗಂಟೆ ಬಾರಿಸುತ್ತ ಡಂಗುರದವನು ಮುಂದೆ, ಅವನ ಹಿಂದೆ ಸಾಲಾಗಿ ಏಳು ಮಂದಿ. ಅವರ ವೇಷ ನೋಡಬೇಕು! ತಲೆಯಿಂದ ಕಾಲಿನವರೆಗೆ ಜೋಲಾಡುವ ಕಾಗದದ ಪಟ್ಟಿಗಳು. ಹಳೆಯ ವೃತ್ತಪತ್ರಿಕೆ, ಬಣ್ಣದ ಕಾಗದ ಕತ್ತರಿಸಿ ಮಾಡಿದ ಉಡುಪು. ಮುಖ ಕೂಡ ಸರಿಯಾಗಿ ಕಾಣದು. ಊರಿನವರು ಇವರನ್ನು ಕರೆಯುವುದೇ ‘ಪೇಪರ್ ಬಾಯ್ಸ್’ ಅಂತ.

ಇವರು ಆಡುವುದು ‘ಮಮ್ಮರ್ಸ್’ ನಾಟಕ. ಕಥೆ ಬಹಳ ಸರಳ. ಇಬ್ಬರು ವೀರರು ಕತ್ತಿ ಹಿರಿದು ಕಾದಾಡುತ್ತಾರೆ. ಒಬ್ಬ ಸಾಯುತ್ತಾನೆ. ತನ್ನ ವಿದ್ಯೆಯನ್ನು ತಾನೇ ಹೊಗಳಿಕೊಳ್ಳುತ್ತ ವೈದ್ಯ ಬರುತ್ತಾನೆ, ಸತ್ತವನನ್ನು ಎಬ್ಬಿಸಿಬಿಡುತ್ತಾನೆ! ಎಷ್ಟೋ ಹಳ್ಳಿಗಳಲ್ಲಿ ಕಾದಾಡುವವರು ಸೇಂಟ್ ಜಾರ್ಜ್ ಮತ್ತು ತುರ್ಕಿ ವೀರ. ಮಾರ್ಷ್‌ಫೀಲ್ಡಿನಲ್ಲಿ ಕಿಂಗ್ ವಿಲಿಯಂ ಮತ್ತು ಲಿಟ್ಲ್ ಮ್ಯಾನ್ ಜಾನ್.

ಕೊನೆಗೆ ಬರುವವರಲ್ಲಿ ಸಾಸಿ ಜ್ಯಾಕ್ ಒಬ್ಬ. ಅವನ ಬೆನ್ನ ಮೇಲೆ ಗೊಂಬೆಗಳು. ಅದೇ ಅವನ ಸಂಸಾರವಂತೆ! ನೋಡಿದವರಿಗೆ ನಗು ಬರುತ್ತದೆ. ಆದರೆ ಒಂದು ಕಾಲಕ್ಕೆ ಅದು ಬರೀ ತಮಾಷೆಯಾಗಿರಲಿಲ್ಲ. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ, ಮನೆಯಲ್ಲಿ ಮಕ್ಕಳು ಹಸಿದಿರುತ್ತಿದ್ದವು. ಕೂಲಿಯವರು ಮನೆಮನೆಗೆ ಹೋಗಿ ಈ ಆಟವಾಡಿದರೆ ನಾಲ್ಕು ಕಾಸು, ಒಂದಿಷ್ಟು ಊಟ, ಬಿಯರ್ ಸಿಗುತ್ತಿತ್ತು.

ಆಡುವವರು ಗಂಡಸರಾದರೂ ವೇಷದ ಹಿಂದೆ ಹೆಂಗಸರ ಕೈ ಇರುತ್ತಿತ್ತು. ಥಾಮಸ್ ಹಾರ್ಡಿ 1878ರ ‘ದಿ ರಿಟರ್ನ್ ಆಫ್ ದಿ ನೇಟಿವ್’ ಕಾದಂಬರಿಯಲ್ಲಿ ಇದನ್ನು ಬಹಳ ಸೊಗಸಾಗಿ ಚಿತ್ರಿಸಿದ್ದಾನೆ. ಅಕ್ಕತಂಗಿಯರು, ಪ್ರೇಯಸಿಯರು ತಮ್ಮ ತಮ್ಮವರ ಉಡುಪಿಗೆ ಪೈಪೋಟಿಯಿಂದ ರಿಬ್ಬನ್ ಹೊಲಿದು ಹೊಲಿದು, ಕೊನೆಗೆ ವೀರ ಯಾರು, ತುರ್ಕಿಯವ ಯಾರು ಎಂದೇ ತಿಳಿಯದಂತಾಗುತ್ತದೆ! ಅದೇ ಕಾದಂಬರಿಯ ನಾಯಕಿ ಯುಸ್ಟೇಸಿಯಾ ಹುಡುಗನ ವೇಷದಲ್ಲಿ ತುರ್ಕಿ ವೀರನ ಪಾತ್ರವನ್ನೇ ಆಡಿಬಿಡುತ್ತಾಳೆ.

ಇಷ್ಟು ಬಳಕೆಯಲ್ಲಿದ್ದ ಆಟ ಮಾರ್ಷ್‌ಫೀಲ್ಡಿನಲ್ಲಿ 1880ರ ದಶಕದಲ್ಲಿ ನಿಂತುಹೋಯಿತು. ಆಡುವವರಲ್ಲಿ ಕೆಲವರು ಜ್ವರಕ್ಕೆ ಬಲಿಯಾದರೆಂದು ಊರಿನವರು ಹೇಳುತ್ತಾರೆ. ಬರೆದಿಟ್ಟುಕೊಂಡು ಆಡುವ ನಾಟಕವಲ್ಲ ಅದು. ಬಾಯಿಂದ ಬಾಯಿಗೆ ಬಂದದ್ದು, ಬಾಯಿ ಮುಚ್ಚಿದರೆ ಮುಗಿಯಿತು.

ಆದರೆ ಮುಗಿಯಲಿಲ್ಲ. ಸುಮಾರು 1930ರಲ್ಲಿ ಊರಿನ ಪಾದ್ರಿಯ ತೋಟದಲ್ಲಿ ಮಾಲಿಯೊಬ್ಬ ಕೆಲಸ ಮಾಡುತ್ತ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದ. ಅದು ಪಾದ್ರಿಯ ಸೋದರಿ ವೈಲೆಟ್ ಆಲ್ಫೋರ್ಡ್ ಕಿವಿಗೆ ಬಿತ್ತು. ಆಕೆ ಜಾನಪದ ವಿದ್ವಾಂಸೆ. ಬೇರೆಯವರಾಗಿದ್ದರೆ, ‘ಮುದುಕನಿಗೆ ಅರಳುಮರಳು’ ಅಂತ ಸುಮ್ಮನಾಗುತ್ತಿದ್ದರೇನೋ. ಆಕೆಗೆ ಮಾತ್ರ ಅದು ಮಮ್ಮರ್ಸ್ ನಾಟಕದ ಮಾತು ಎಂದು ತಟ್ಟನೆ ಹೊಳೆಯಿತು. ಊರಿನ ಹಿರಿಯರ ನೆನಪಿನಲ್ಲಿದ್ದ ಚೂರುಗಳನ್ನೆಲ್ಲ ಜೋಡಿಸಲಾಯಿತು. ಒಂದೆರಡು ವರ್ಷಗಳಲ್ಲಿ ಕಾಗದದ ವೇಷಗಳು ಮತ್ತೆ ಬೀದಿಗಿಳಿದವು.

ಇದು ಕ್ರೈಸ್ತಧರ್ಮಕ್ಕೂ ಹಿಂದಿನ ಪ್ರಾಚೀನ ಆಚರಣೆ ಎಂದು ಆಗಿನ ವಿದ್ವಾಂಸರು ನಂಬಿದ್ದರು. ಇಂಥ ನಾಟಕಗಳ ಪೂರ್ಣ ಪಾಠ ಸಿಗುವುದು ಹದಿನೆಂಟನೆಯ ಶತಮಾನದಿಂದ ಈಚೆಗೇ ಎಂದು ಇಂದಿನವರು ಹೇಳುತ್ತಾರೆ. ಇರಲಿ ಬಿಡಿ. ಮುನ್ನೂರು ವರ್ಷವೇನು ಕಡಿಮೆಯೇ?

ಈಗಲೂ ಅವರದು ಏರಿಳಿತವಿಲ್ಲದ ಒಂದೇ ರಾಗದ ಮಾತು. ಹೊಸಬರಿಗೆ ‘ಇದೇನು ಅಭಿನಯ!’ ಎನಿಸಬಹುದು. ಆದರೆ ಅವರು ಮೆಚ್ಚುಗೆಗಾಗಿ ಆಡುವವರಲ್ಲ. ಹಿರಿಯರು ಹೇಗೆ ಹೇಳಿದರೋ ಹಾಗೇ ಹೇಳುವುದು ಅವರ ಪದ್ಧತಿ. ಅರ್ಥವಾಗದ ಮಾತನ್ನೂ ತಿದ್ದಲು ಹೋಗುವುದಿಲ್ಲ.

ನಾಟಕದಲ್ಲಿ ಸತ್ತವನನ್ನು ಎಬ್ಬಿಸಲು ವೈದ್ಯ ಬರುತ್ತಾನೆ. ಸತ್ತ ನಾಟಕವನ್ನೇ ಎಬ್ಬಿಸಿದ್ದು ಒಬ್ಬ ತೋಟಗಾರನ ನೆನಪು, ಒಬ್ಬ ಹೆಂಗಸಿನ ಕಿವಿ. ನಿಮ್ಮ ಮನೆಯ ಅಜ್ಜಿ ಸೊಪ್ಪು ಸೋಸುತ್ತ ಏನಾದರೂ ಗುನುಗುತ್ತಿದ್ದರೆ, ಒಂದು ಕ್ಷಣ ರೇಡಿಯೋ ನಿಲ್ಲಿಸಿ ಕೇಳಿ ನೋಡಿ.