ಲಗಾಮಿಲ್ಲದ ಸಾರಥ್ಯ

ಎತ್ತಿಗೆ ಮೂಗುದಾರವಿದೆ, ಕುದುರೆಗೆ ಲಗಾಮಿದೆ. ಅಲಾಸ್ಕಾದಲ್ಲಿ ಹಿಮಬಂಡಿ ಎಳೆಯುವ ನಾಯಿಗಳಿಗೆ ಎರಡೂ ಇಲ್ಲ. ಬಂಡಿಯ ಹಿಂದೆ ನಿಂತ ಸಾರಥಿಗೆ ಇರುವುದು ಬಾಯಿಮಾತೊಂದೇ. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ, 'ವೋ' ಎಂದರೆ ನಿಲ್ಲು. ಮುಂಚೂಣಿಯ ನಾಯಿ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಥ ತಂಡಗಳ ಅತಿ ಹೆಸರಾಂತ ಸ್ಪರ್ಧೆ 'ಇಡಿಟರಾಡ್'. ಆ್ಯಂಕರೇಜ್ ಕಡೆಯಿಂದ ಬೇರಿಂಗ್ ಸಮುದ್ರದ ದಡದ ನೋಮ್ ಪಟ್ಟಣದವರೆಗೆ ಸುಮಾರು 1,600 ಕಿ.ಮೀ. ದಾರಿ. 1925ರ ಚಳಿಗಾಲದಲ್ಲಿ ನೋಮ್‌ನಲ್ಲಿ ಗಂಟಲಮಾರಿ ಕಾಣಿಸಿಕೊಂಡಾಗ ಔಷಧ ತಲುಪಿಸಿದ್ದು ನಾಯಿಗಳೇ. ಇಪ್ಪತ್ತು ಮಂದಿ ಸಾರಥಿಗಳು ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನಗಳಲ್ಲಿ ಅದನ್ನು ಮುಟ್ಟಿಸಿದರು. ಆದರೆ 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ವಾಹನ ಬಂತು; ಹಳ್ಳಿಯ ಹಿತ್ತಿಲುಗಳಿಂದ ನಾಯಿಗಳು ಮರೆಯಾಗತೊಡಗಿದವು. ಅವನ್ನು ಉಳಿಸಬೇಕೆಂದು ಜೋ ರೆಡಿಂಗ್ಟನ್ ಮತ್ತವರ ಸಂಗಡಿಗರು ಹಟ ಹಿಡಿದು 1973ರಲ್ಲಿ ಈ ಓಟವನ್ನು ನೋಮ್‌ವರೆಗೆ ನಡೆಸಿದರು. ಅಂದು ಗೆದ್ದವರಿಗೆ ಇಪ್ಪತ್ತು ದಿನ ಹಿಡಿದಿತ್ತು. ಈಗ ಒಂಬತ್ತು, ಹತ್ತು ದಿನ ಸಾಕು.

ಇದಕ್ಕೆ ಕಾರಣ ಕೇವಲ ವೇಗವಲ್ಲ. ಓಡುವುದು ಈ ನಾಯಿಗಳ ಹುಟ್ಟುಗುಣ. ಅದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದದ್ದು ನಿಲ್ಲುವುದು, ತಿನ್ನುವುದು, ಮಲಗುವುದು.

ಮರಿಗಳು ಮೊದಲು ಯಜಮಾನನ ಹಿಂದೆ ಬರಿದೇ ಓಡಾಡುತ್ತವೆ. ಬೆಳೆದ ಮೇಲೆ ಎದೆಪಟ್ಟಿ ಕಟ್ಟಿ ಅನುಭವಿ ನಾಯಿಯ ಜೊತೆಗೆ ಹೂಡುತ್ತಾರೆ. ನಮ್ಮಲ್ಲಿ ಹೋರಿಯನ್ನು ಹಳೆಯ ಎತ್ತಿನ ಜೋಡಿಗೆ ಕಟ್ಟಿ ಪಳಗಿಸುವಂತೆಯೇ ಇದು. ಹಿಮ ಬೀಳುವ ಮುನ್ನ ಬಂಡಿಯ ಬದಲು ನಾಲ್ಕು ಗಾಲಿಯ ಮೋಟಾರು ವಾಹನ ಎಳೆಸುತ್ತಾರೆ. ಮೊದಲು ಕೆಲವೇ ಮೈಲಿ, ವಾರಗಳು ಕಳೆದಂತೆ ಹತ್ತಾರು ಮೈಲಿ. ಬಂಡಿಗೆ ಹತ್ತಿರದ ಜಾಗಕ್ಕೆ ಬಲಶಾಲಿಗಳು. ಎಲ್ಲಕ್ಕಿಂತ ಮುಂದೆ ಬುದ್ಧಿವಂತರು. ಮಂಜುಗಡ್ಡೆ ತೆಳುವಾಗಿದೆಯೆಂದು ತೋರಿದರೆ ಸಾರಥಿಯ ಮಾತನ್ನೂ ಮೀರುವ ನಾಯಿಯೇ ಒಳ್ಳೆಯ ಮುಂದಾಳು! ಆ ಗುಣವನ್ನು ಹೊಡೆದು ಬಡಿದು ತರಿಸಲಾಗದು.

ನಂತರ ಬಯಲಿನಲ್ಲಿ ತಂಗುವ ಪಾಠ. ಕೆಲವು ಗಂಟೆ ಓಟ, ಹೆಚ್ಚುಕಡಿಮೆ ಅಷ್ಟೇ ಹೊತ್ತು ವಿಶ್ರಾಂತಿ. ಹುಲ್ಲು ಹಾಸಿದೊಡನೆ ನಾಯಿ ಮುದುಡಿ ನಿದ್ರಿಸಬೇಕು. ಸಾರಥಿಗೆ ಆ ಭಾಗ್ಯವಿಲ್ಲ. ಹಿಮ ಕರಗಿಸಿ ನೀರು ಮಾಡಬೇಕು, ಮಾಂಸ ಬೇಯಿಸಿ ಬಡಿಸಬೇಕು, ಬಟ್ಟೆಯ ಕಾಲುಚೀಲ ಬಿಚ್ಚಿ ಒಂದೊಂದೇ ಪಾದ ನೋಡಬೇಕು. ಹದಿನಾಲ್ಕು ನಾಯಿಗಳೆಂದರೆ 56 ಪಾದ. ಓಟದ ದಿನಗಳಲ್ಲಿ ಒಂದು ನಾಯಿಗೆ ಸುಮಾರು 10,000 ಕ್ಯಾಲೊರಿ ಆಹಾರ ಬೇಕು. ಅದರಲ್ಲಿ ಕೊಬ್ಬಿನದೇ ದೊಡ್ಡ ಪಾಲು. ತಿನ್ನದ ನಾಯಿ ಓಡದು.

ಇಷ್ಟಾದರೂ ಕೆಲವು ನಾಯಿಗಳು ದಾರಿಯಲ್ಲೇ ಸಾಯುತ್ತವೆ. 2024ರ ಓಟದಲ್ಲಿ ಮೂರು ಸತ್ತವು. ಓಟವನ್ನೇ ನಿಲ್ಲಿಸಬೇಕೆಂಬುದು ಪ್ರಾಣಿದಯಾ ಸಂಘಗಳ ಒತ್ತಾಯ. ತಂಗುದಾಣಗಳಲ್ಲಿ ಪಶುವೈದ್ಯರಿರುತ್ತಾರೆ, 24 ಗಂಟೆಗಳ ಕಡ್ಡಾಯ ವಿಶ್ರಾಂತಿಯಿದೆ, ದಣಿದ ನಾಯಿಯನ್ನು ಅಲ್ಲೇ ಬಿಟ್ಟು ಮುಂದುವರಿಯಬಹುದು. ಆದರೂ ವಾದ ಮುಗಿದಿಲ್ಲ, ಮುಗಿಯುವಂತೆಯೂ ಕಾಣದು.

ಮರಿಗಳನ್ನು ಹುಟ್ಟಿದಂದಿನಿಂದ ತಾವೇ ಸಾಕಿ ಪಳಗಿಸುತ್ತಿದ್ದ ಸೂಸನ್ ಬುಚರ್ ನಾಲ್ಕು ಬಾರಿ ಗೆದ್ದವರು. 1985ರಲ್ಲಿ ಮೂಸ್ ಎಂಬ ದೈತ್ಯ ಜಿಂಕೆ ಅವರ ತಂಡದ ಮೇಲೆರಗಿ ಎರಡು ನಾಯಿಗಳನ್ನು ಕೊಂದಾಗ ಅವರು ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಆ ವರ್ಷ ಲಿಬ್ಬಿ ರಿಡಲ್ಸ್ ಗೆದ್ದು ಮೊದಲ ಮಹಿಳಾ ವಿಜೇತರಾದರು. 1991ರಲ್ಲಿ ನೋಮ್ ಇನ್ನೇನು ಹತ್ತಿರವಿದೆ ಎನ್ನುವಾಗ ಹಿಮಬಿರುಗಾಳಿ ಎದ್ದಿತು. ಮುಂದಿದ್ದ ಬುಚರ್ ನಾಯಿಗಳನ್ನು ತಿರುಗಿಸಿಕೊಂಡು ಹಿಂದಿನ ತಂಗುದಾಣಕ್ಕೆ ಮರಳಿದರು. ರಿಕ್ ಸ್ವೆನ್ಸನ್ ಬಂಡಿಯಿಂದಿಳಿದು ನಾಯಿಗಳ ಮುಂದೆ ತಾವೇ ನಡೆದು ದಾರಿ ತೋರಿಸಿದರು. ಸ್ವೆನ್ಸನ್ ಐದನೆಯ ಬಾರಿ ಗೆದ್ದರು. ಬುಚರ್ ಮೂರನೆಯವರಾಗಿ ಬಂದರು.