ಮಾಗಿಯ ಊಟಕ್ಕೆ ಮಸೆದ ಗೆಡ್ಡೆ

ತುಮಕೂರು ಜಿಲ್ಲೆಯ ಉತ್ತರ ಭಾಗದ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿದವು. ಚನ್ನರಾಯನದುರ್ಗ, ಮಧುಗಿರಿ ಮತ್ತು ಪಾವಗಡದ ಕೋಟೆಬೆಟ್ಟಗಳಂತಹ ಬೋಳು ಕಲ್ಲುಗುಡ್ಡಗಳು, ಅವುಗಳ ನಡುವೆ ಕೆಂಪು ಮಣ್ಣಿನ ಹೊಲಗಳು, ದೇವರಾಯನದುರ್ಗದಲ್ಲಿ ಹುಟ್ಟಿ ಹರಿಯುವ ಜಯಮಂಗಲಿಯ ಎರಡೂ ದಡದ ತೋಟಗಳು ಈ ಸೀಮೆಯ ಚಹರೆಯನ್ನು ರೂಪಿಸಿವೆ. ಮಾಗಿಯಲ್ಲಿ ಆಕಾಶ ಶುಭ್ರವಾಗಿದ್ದು ಗಾಳಿಯಲ್ಲಿ ತೇವ ಕಡಿಮೆಯಿರುವುದರಿಂದ ಹಗಲಿನಲ್ಲಿ ಕಾದ ನೆಲ ರಾತ್ರಿ ಬೇಗನೆ ಆರುತ್ತದೆ. ಮಧ್ಯಾಹ್ನ ಬಿಸಿಲಿದ್ದ ಊರಿನಲ್ಲೇ ಬೆಳಗಿನ ಜಾವಕ್ಕೆ ಕಂಬಳಿ ಬೇಕಾಗುತ್ತದೆ. ರಾಗಿಯ ಸುಗ್ಗಿ ಮುಗಿಯುವ, ಸೊಗಡಿನ ಅವರೆಕಾಯಿ ಸಂತೆ ತುಂಬುವ, ಸಂಕ್ರಾಂತಿ ಸಮೀಪಿಸಿದಂತೆ ಗೆಣಸಿನ ರಾಶಿಗಳು ಕಾಣಿಸಿಕೊಳ್ಳುವ ಈ ಕಾಲದ ಊಟಕ್ಕೆ, ಬಿಸಿ ರೊಟ್ಟಿಯ ಜೊತೆ ನಂಚಿಕೊಳ್ಳಲು ಒದಗುವ ಮಸೆದ ಗೆಡ್ಡೆಯ ಗೊಜ್ಜು ಈ ಅಧ್ಯಾಯದ ವಿಷಯ.

ಮಸೆಯುವ ಅಡುಗೆಯ ನೆಲೆ

ಬೇಯಿಸಿದ್ದನ್ನು ಅರೆಯದೆ ಮಸೆದು ಉಣ್ಣುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ತೊಗರಿಬೇಳೆಯೊಂದಿಗೆ ಬೆಂದ ಸೊಪ್ಪನ್ನು ಮಂತಿನಿಂದ, ಅಂದರೆ ಮಜ್ಜಿಗೆ ಕಡೆಯುವ ಮರದ ಕೋಲಿನಿಂದ, ಪಾತ್ರೆಯಲ್ಲೇ ಮಸೆದು ಮಾಡುವ ಮಸ್ಸೊಪ್ಪು ರಾಗಿಮುದ್ದೆಯ ನಿತ್ಯದ ಸಂಗಾತಿ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ತೆಗೆದು, ಹುಣಸೆರಸ, ಉಪ್ಪು, ಮೆಣಸಿನಕಾಯಿ ಕೂಡಿಸಿ ಕೈಯಿಂದ ಕಿವುಚುವ ಗೊಜ್ಜು ಮತ್ತೊಂದು ಮಾದರಿ. ಗೆಡ್ಡೆಯ ಗೊಜ್ಜು ಈ ಎರಡರ ಕ್ರಮವನ್ನೂ ಕೂಡಿಸಿಕೊಂಡಿದೆ: ಬೇಯಿಸುವ ರೀತಿ ಬದನೆಕಾಯಿಯ ಗೊಜ್ಜಿನದು, ಹದ ಮಸ್ಸೊಪ್ಪಿನದು.

ಇಂದು ಈ ಅಡುಗೆಗೆ ಬಳಕೆಯಾಗುವ ಗೆಣಸು ಮತ್ತು ಆಲೂಗಡ್ಡೆ ಎರಡೂ ಅಮೆರಿಕ ಖಂಡಗಳ ಮೂಲದವು. ಪೋರ್ಚುಗೀಸರು 1498ರಲ್ಲಿ ಸಮುದ್ರಮಾರ್ಗವಾಗಿ ಭಾರತಕ್ಕೆ ಬಂದ ನಂತರದ ಕಾಲದಲ್ಲಿ ಇಲ್ಲಿಗೆ ತಲುಪಿದವು. ಹೀಗಾಗಿ 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದ ಕಾಲಕ್ಕೆ ಕನ್ನಡನಾಡಿನ ಅಡುಗೆಮನೆಗಳಲ್ಲಿದ್ದ ಗೆಡ್ಡೆಗಳೆಂದರೆ ಕೆಸು, ಸುವರ್ಣಗೆಡ್ಡೆ, ಹೆಗ್ಗೆಣಸು ಮುಂತಾದ ಹಳೆಯ ಗೆಡ್ಡೆಗಳು. ಹೊರಗಿನಿಂದ ಬಂದ ಗೆಣಸು ಇಲ್ಲಿಯ ಆಚರಣೆಯಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ, ಹಳೆಯ ಮೈಸೂರು ಸೀಮೆಯಲ್ಲಿ ಅವರೆಕಾಯಿ, ಕಡಲೆಕಾಯಿ ಮತ್ತು ಗೆಣಸನ್ನು ಬೇಯಿಸಿ ತಿನ್ನದೆ ಸಂಕ್ರಾಂತಿ ಪೂರ್ಣವಾಗುವುದಿಲ್ಲ. ಇತರ ನಾಡುಗಳೂ ಬೇರೆ ಬೇರೆಯಾಗಿಯೇ ಇಂತಹ ಮಸೆಯುವ ಅಡುಗೆಗಳನ್ನು ಕಂಡುಕೊಂಡಿವೆ: ಐರ್ಲೆಂಡಿನಲ್ಲಿ ಎಲೆಕೋಸಿನ ಜಾತಿಯ ಸೊಪ್ಪು ಬೆರೆಸಿ ಮಸೆದ ಆಲೂಗಡ್ಡೆಯ ಕಾಲ್ಕ್ಯಾನನ್, ನೆದರ್ಲೆಂಡ್ಸಿನಲ್ಲಿ ತರಕಾರಿಯೊಂದಿಗೆ ಮಸೆಯುವ ಸ್ಟಾಂಪ್‌ಪಾಟ್, ಬಿಹಾರದಲ್ಲಿ ಸಾಸಿವೆ ಎಣ್ಣೆ ಬೆರೆಸುವ ಚೋಖಾ ಇವುಗಳಿಗೆ ಉದಾಹರಣೆ.

ಗೆಡ್ಡೆಗಳ ಬಗೆ

ಮಣ್ಣಿನೊಳಗೆ ಸಿಗುವ ದಪ್ಪನೆಯ ಆಹಾರವನ್ನೆಲ್ಲ ರೂಢಿಯಲ್ಲಿ ಗೆಡ್ಡೆ ಎಂದು ಕರೆದರೂ ಅವು ಸಸ್ಯದ ಬೇರೆ ಬೇರೆ ಭಾಗಗಳು. ಗೆಣಸು ಆಹಾರ ಕೂಡಿಟ್ಟುಕೊಂಡು ಉಬ್ಬಿದ ಬೇರು. ಆಲೂಗಡ್ಡೆ ಮಣ್ಣಿನಡಿಯಲ್ಲಿ ಉಬ್ಬಿದ ಕಾಂಡ, ಆದ್ದರಿಂದಲೇ ಅದರ ಮೈಮೇಲೆ ಮೊಳಕೆಯೊಡೆಯುವ ಕಣ್ಣುಗಳಿರುತ್ತವೆ. ಸುವರ್ಣಗೆಡ್ಡೆ ಮತ್ತು ಕೆಸವಿನ ಗೆಡ್ಡೆಗಳೂ ಕಾಂಡದ ರೂಪಾಂತರಗಳೇ. ಅಡುಗೆಯ ದೃಷ್ಟಿಯಿಂದ ಮುಖ್ಯವಾದುದು ಇವೆಲ್ಲವೂ ಪಿಷ್ಟವನ್ನು, ಅಂದರೆ ಸಸ್ಯವು ಮುಂದಿನ ಬೆಳವಣಿಗೆಗಾಗಿ ಕೂಡಿಡುವ ಹಿಟ್ಟಿನಂತಹ ಪದಾರ್ಥವನ್ನು, ಹೇರಳವಾಗಿ ಹೊಂದಿವೆ ಎಂಬುದು. ಮೂಲಂಗಿ ಮತ್ತು ಕ್ಯಾರೆಟ್ಟಿನಲ್ಲಿ ಪಿಷ್ಟ ಕಡಿಮೆ, ನೀರು ಹೆಚ್ಚು. ಹಾಗಾಗಿ ಅವನ್ನು ಮಾತ್ರ ಮಸೆದರೆ ಗೊಜ್ಜು ಗಟ್ಟಿಯಾಗಿ ಕೂರುವುದಿಲ್ಲ, ಗೆಣಸಿನ ಅಥವಾ ಆಲೂಗಡ್ಡೆಯ ಜೊತೆ ಬೆರೆಸಬೇಕಾಗುತ್ತದೆ.

ಆಯ್ಕೆ ಮಾಡುವಾಗ ಗಟ್ಟಿಯಾದ, ಮಧ್ಯಮ ಗಾತ್ರದ, ಹುಳು ಕೊರೆದ ತೂತಿಲ್ಲದ ಗೆಣಸು ಒಳ್ಳೆಯದು. ಕಿತ್ತ ಕೂಡಲೇ ಬೇಯಿಸಿದ ಗೆಣಸು ಹಿಟ್ಟುಹಿಟ್ಟಾಗಿರುತ್ತದೆ. ಕೆಲವು ದಿನ ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಪಿಷ್ಟದ ಒಂದು ಅಂಶ ಸಕ್ಕರೆಯಾಗಿ ಮಾರ್ಪಟ್ಟು ಸಿಹಿ ಕೂಡುತ್ತದೆ. ಗೆಣಸನ್ನು ಫ್ರಿಡ್ಜಿನಲ್ಲಿ ಇಡಬಾರದು, ಏಕೆಂದರೆ ಉಷ್ಣವಲಯದ ಈ ಬೇರಿನ ಜೀವಕೋಶಗಳು ಆ ತಂಪಿಗೆ ಹಾಳಾಗಿ, ಎಷ್ಟು ಬೇಯಿಸಿದರೂ ನಡುವಿನ ತಿರುಳು ಗಡುಸಾಗಿಯೇ ಉಳಿಯಬಹುದು. ಬೆಳಕು ಬಿದ್ದು ಹಸಿರಾದ ಅಥವಾ ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೊಲನಿನ್ ಎಂಬ ಕಹಿ ವಿಷಪದಾರ್ಥ ಹೆಚ್ಚಿರುತ್ತದೆ ಮತ್ತು ಅದು ಬೇಯಿಸಿದರೆ ನಾಶವಾಗುವುದಿಲ್ಲವಾದ್ದರಿಂದ ಅಂತಹ ಗೆಡ್ಡೆಯನ್ನು ಬಿಡುವುದೇ ಕ್ಷೇಮ.

ಬೇಯುವಾಗ ನಡೆಯುವುದೇನು

ಗೆಡ್ಡೆಯ ತಿರುಳು ಲೆಕ್ಕವಿಲ್ಲದಷ್ಟು ಸೂಕ್ಷ್ಮ ಜೀವಕೋಶಗಳಿಂದ ಆದದ್ದು. ಪ್ರತಿ ಕೋಶದೊಳಗೂ ಪಿಷ್ಟದ ಕಣಗಳಿರುತ್ತವೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗೋಂದಿನಂತಹ ಪದಾರ್ಥ. ಶಾಖ ಏರಿದಂತೆ, ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಪಿಷ್ಟದ ಕಣಗಳು ಕೋಶದಲ್ಲಿರುವ ನೀರನ್ನೇ ಹೀರಿ ಉಬ್ಬುತ್ತವೆ. ಶಾಖ ಇನ್ನೂ ಹೆಚ್ಚಿದಾಗ ಪೆಕ್ಟಿನ್ ಕರಗಿ ಕೋಶಗಳ ಹಿಡಿತ ಸಡಿಲವಾಗುತ್ತದೆ. ಹೀಗೆ ಸಡಿಲಗೊಂಡ ಗೆಡ್ಡೆಯನ್ನು ಮೆಲ್ಲನೆ ಒತ್ತಿದಾಗ ಕೋಶಗಳು ಒಡೆಯದೆ ಬಿಡಿಬಿಡಿಯಾಗುತ್ತವೆ, ನಾಲಿಗೆಗೆ ಅದು ಮೆತ್ತಗೆ, ಹಗುರವಾಗಿ ತಾಕುತ್ತದೆ. ಅದೇ ಗೆಡ್ಡೆಯನ್ನು ಮಿಕ್ಸಿಗೆ ಹಾಕಿ ತಿರುಗಿಸಿದರೆ ಕೋಶಗಳು ಒಡೆದು ಒಳಗಿನ ಪಿಷ್ಟ ಹೊರಬಂದು ಎಲ್ಲವೂ ಅಂಟಂಟಾಗುತ್ತದೆ. ಆಲೂಗಡ್ಡೆಯಲ್ಲಿ ಈ ದೋಷ ಬಲು ಬೇಗ ಕಾಣಿಸುತ್ತದೆ. ಮಸೆಯುವುದೆಂದರೆ ಕೋಶಗಳನ್ನು ಬಿಡಿಸುವುದೇ ಹೊರತು ಅರೆಯುವುದಲ್ಲ ಎಂಬ ತಿಳಿವಳಿಕೆ ಈ ಅಡುಗೆಯ ಬುನಾದಿ.

ಗೆಣಸಿನಲ್ಲಿ ಇದರ ಜೊತೆಗೆ ಮತ್ತೊಂದು ಕ್ರಿಯೆಯೂ ನಡೆಯುತ್ತದೆ. ಅದರಲ್ಲಿ ಸಹಜವಾಗಿರುವ ಅಮೈಲೇಸ್ ಎಂಬ ಕಿಣ್ವ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು, ಉಬ್ಬಿದ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ತುಂಡರಿಸುತ್ತದೆ. ಪಿಷ್ಟ ಉಬ್ಬಲು ತೊಡಗಿದ ಮೇಲೆ ಆರಂಭವಾಗಿ, ಶಾಖ ವಿಪರೀತವಾಗಿ ಕಿಣ್ವವೇ ಕೆಡುವವರೆಗೆ ಈ ಕೆಲಸ ಸಾಗುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಗೆಣಸು ಈ ಹಂತವನ್ನು ಬೇಗನೆ ದಾಟುವುದರಿಂದ ಸಿಹಿ ಕಡಿಮೆ. ಬೂದಿ ಮುಚ್ಚಿದ ಕೆಂಡದಲ್ಲಿ ನಿಧಾನವಾಗಿ ಬಿಸಿಯೇರುವ ಗೆಣಸಿನಲ್ಲಿ ಕಿಣ್ವಕ್ಕೆ ಸಾಕಷ್ಟು ಸಮಯ ಸಿಗುವುದಲ್ಲದೆ ನೀರೂ ಆವಿಯಾಗಿ ಹೋಗುವುದರಿಂದ ಸಿಹಿ ಒತ್ತಾಗುತ್ತದೆ. ಅಡುಗೆ ಮುಗಿದ ಒಲೆಯ ಕೆಂಡದಲ್ಲಿ ಗೆಣಸು ಹುಗಿಯುವ ಹಳ್ಳಿಯ ರೂಢಿ ಸೌದೆಯ ಉಳಿತಾಯಕ್ಕಷ್ಟೇ ಅಲ್ಲ, ರುಚಿಗೂ ಸರಿಯಾದ ದಾರಿ.

ನೀರಿನ ಗುಣವೂ ಗಮನಕ್ಕೆ ಬರಬೇಕು. ಬೋರ್‌ವೆಲ್ಲಿನ ನೀರು ಗಡುಸಾಗಿರುವ ಊರುಗಳಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದು ಎಲ್ಲರ ಅನುಭವ. ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿಗೊಳಿಸುವುದೇ ಅದಕ್ಕೆ ಕಾರಣ. ಗೆಡ್ಡೆಯನ್ನು ನೀರಿನಲ್ಲಿ ಕುದಿಸುವ ಬದಲು ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿದರೆ ಈ ತೊಡಕು ತಪ್ಪುತ್ತದೆ, ಗೆಡ್ಡೆ ನೀರು ಕುಡಿಯುವುದೂ ಇಲ್ಲ. ಹುಳಿಯ ಪರಿಣಾಮವೂ ಇಂಥದ್ದೇ: ಹುಳಿಯಿರುವ ನೀರಿನಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ, ಆದ್ದರಿಂದ ಹುಣಸೆರಸವನ್ನು ಗೆಡ್ಡೆ ಪೂರ್ತಿ ಬೆಂದ ಮೇಲೆಯೇ ಸೇರಿಸಬೇಕು.

ಸುಟ್ಟ ಗೆಣಸಿನ ಗೊಜ್ಜು ಮಾಡುವ ಕ್ರಮ

ನಾಲ್ಕು ಜನರಿಗೆ ಅರ್ಧ ಕಿಲೋ ಗೆಣಸು, ನಾಲ್ಕೈದು ಹಸಿಮೆಣಸಿನಕಾಯಿ, ಒಂದು ದೊಡ್ಡ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಎರಡು ಚಮಚ ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಒಗ್ಗರಣೆಗೆ ಎರಡು ಚಮಚ ಕಡಲೆಕಾಯಿ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಮೇಲೆ ಉದುರಿಸಲು ಕೊತ್ತಂಬರಿ ಸೊಪ್ಪು ಸಾಕಾಗುತ್ತದೆ. ಪಾವಗಡ, ಶಿರಾ, ಮಧುಗಿರಿಯ ಕೆಂಪು ನೆಲದಲ್ಲಿ ಕಡಲೆಕಾಯಿ ಮುಖ್ಯ ಬೆಳೆಯಾಗಿರುವುದರಿಂದ ಎಣ್ಣೆಯೂ ಬೀಜವೂ ಮನೆಯ ಸಾಮಗ್ರಿಗಳೇ.

ಗೆಣಸಿನ ಮಣ್ಣು ತೊಳೆದು, ಸಿಪ್ಪೆ ತೆಗೆಯದೆ, ಒರೆಸಿ ಒಣಗಿಸಿ, ಉರಿ ಆರಿದ ಒಲೆಯಲ್ಲಿ ಬೂದಿ ಕವಿದ ಕೆಂಡದೊಳಗೆ ಹುಗಿಯಬೇಕು. ಮುಕ್ಕಾಲು ಗಂಟೆಯ ಹೊತ್ತಿಗೆ, ನಡುವೆ ಒಂದೆರಡು ಸಲ ಮಗುಚಿದರೆ, ಮಧ್ಯಮ ಗಾತ್ರದ ಗೆಣಸು ಬೆಂದಿರುತ್ತದೆ; ಕಡ್ಡಿ ಚುಚ್ಚಿದಾಗ ತಡೆಯಿಲ್ಲದೆ ಒಳಗಿಳಿಯುವುದು, ಸಿಪ್ಪೆ ಸುಕ್ಕಾಗಿ ಒಂದೆಡೆ ಪಾಕದಂತಹ ಅಂಟು ಜಿನುಗುವುದು ಅದರ ಗುರುತು. ಸೌದೆ ಒಲೆ ಇಲ್ಲದ ಮನೆಯಲ್ಲಿ ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿಟ್ಟು, ಮುಚ್ಚಳ ಮುಚ್ಚಿ, ಗ್ಯಾಸಿನ ಸಣ್ಣ ಉರಿಯಲ್ಲಿ ಆಗಾಗ ತಿರುಗಿಸುತ್ತ ಬೇಯಿಸಬಹುದು. ಹಸಿಮೆಣಸಿನಕಾಯಿಯನ್ನೂ ಬೆಳ್ಳುಳ್ಳಿಯನ್ನೂ ಅದೇ ಬಿಸಿಯಲ್ಲಿ ಕಪ್ಪು ಚುಕ್ಕೆ ಏಳುವವರೆಗೆ ಸುಟ್ಟುಕೊಂಡು, ಉಪ್ಪಿನೊಂದಿಗೆ ಒರಳಿನಲ್ಲಿ ತರಿತರಿಯಾಗಿ ಜಜ್ಜಬೇಕು.

ಗೆಣಸಿನ ಸಿಪ್ಪೆಯನ್ನು ಬಿಸಿಯಿರುವಾಗಲೇ ಸುಲಿದು, ಎರಡು ಹೋಳಾಗಿ ಸೀಳಿ, ಅಗಲವಾದ ತಟ್ಟೆಯಲ್ಲಿ ಎರಡು ಮೂರು ನಿಮಿಷ ಹರಡಿಡಬೇಕು. ಹಬೆಯ ರೂಪದಲ್ಲಿ ಮಿಕ್ಕ ನೀರು ಹೊರಟುಹೋಗಲು ಈ ಬಿಡುವು ಅಗತ್ಯ. ಇದನ್ನು ಬಿಟ್ಟರೆ ಗೊಜ್ಜು ಜವುಗಾಗುತ್ತದೆ. ಆಮೇಲೆ ನಾರನ್ನು ಆಯ್ದು ತೆಗೆದು, ಮಂತಿನ ಬುಡದಿಂದಲೋ ಸೌಟಿನ ಬೆನ್ನಿನಿಂದಲೋ ಮೇಲಿನಿಂದ ಕೆಳಕ್ಕೆ ಒತ್ತಬೇಕು, ಗರಗರನೆ ತಿರುವಬಾರದು. ಅಲ್ಲಲ್ಲಿ ಚಿಕ್ಕ ಹೋಳುಗಳು ಉಳಿದರೆ ಅದು ಕೊರತೆಯಲ್ಲ, ಬಾಯಿಗೆ ಹಿತ. ಜಜ್ಜಿದ ಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕಿವುಚಿ ಸೋಸಿದ ಗಟ್ಟಿ ಹುಣಸೆರಸ, ಕಡಲೆಕಾಯಿ ಬೀಜದ ತರಿ ಇವನ್ನು ಬೆರೆಸಿ, ಚಟಪಟ ಸಿಡಿದ ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆಯನ್ನು ಬಿಸಿಯಾಗಿಯೇ ಸುರಿಯಬೇಕು. ಕಡಲೆಕಾಯಿಯ ಬದಲು ಹುರಿದ ಹುಚ್ಚೆಳ್ಳಿನ ಪುಡಿ ಹಾಕಿದರೆ ಗೊಜ್ಜು ಕಪ್ಪಗೆ ಕಂಡರೂ ಪರಿಮಳ ಬಹಳ ಚೆನ್ನಾಗಿರುತ್ತದೆ. ಸಿಹಿ, ಹುಳಿ, ಖಾರ, ಉಪ್ಪು ನಾಲ್ಕೂ ಒಂದನ್ನೊಂದು ಮೀರದಂತೆ ನಿಲ್ಲುವುದು ಈ ಗೊಜ್ಜಿನ ಹದ. ಗೆಣಸು ಹೆಚ್ಚು ಸಿಹಿಯಾಗಿದ್ದಷ್ಟೂ ಹುಳಿಯನ್ನು ಕೊಂಚ ಮುಂದೆ ಬಿಡಬೇಕಾಗುತ್ತದೆ.

ಆಲೂಗಡ್ಡೆ ಮತ್ತು ಸುವರ್ಣಗೆಡ್ಡೆ

ಆಲೂಗಡ್ಡೆಯಾದರೆ ಸಿಪ್ಪೆಸಹಿತ ಹಬೆಯಲ್ಲಿ ಬೇಯಿಸಿ, ಸುಲಿದು, ಬಿಸಿಯಲ್ಲೇ ಮಸೆಯಬೇಕು. ತಣ್ಣಗಾದ ಮೇಲೆ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ ಆಗ ಒತ್ತಿದರೆ ಗಂಟುಗಳು ಉಳಿಯುತ್ತವೆ. ಹುಣಸೆಯ ಬದಲು ಇಳಿಸಿದ ನಂತರ ಹಿಂಡಿದ ನಿಂಬೆರಸ ಇದಕ್ಕೆ ಹೊಂದುತ್ತದೆ. ಮಾಗಿಯಲ್ಲಿ ಬೆಂದ ಹಿತಕಿದ ಅವರೆಬೇಳೆಯನ್ನು, ಅಂದರೆ ನೆನೆಸಿ ಸಿಪ್ಪೆ ಹಿತಕಿ ತೆಗೆದ ಅವರೆಕಾಳನ್ನು, ಇಡಿಯಾಗಿಯೇ ಬೆರೆಸಿದರೆ ರುಚಿಯ ಜೊತೆಗೆ ಪ್ರೋಟೀನೂ ಸೇರುತ್ತದೆ.

ಸುವರ್ಣಗೆಡ್ಡೆಯ ವಿಷಯದಲ್ಲಿ ಮಾತ್ರ ಹುಳಿಯ ನಿಯಮಕ್ಕೆ ವಿನಾಯಿತಿ ಉಂಟು. ಇದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂತಹ ಸೂಕ್ಷ್ಮ ಹರಳುಗಳಿದ್ದು, ಕೈಯಲ್ಲೂ ಗಂಟಲಲ್ಲೂ ತುರಿಕೆ ಹುಟ್ಟಿಸುವುದು ಅವೇ. ಆದುದರಿಂದ ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹಣ್ಣು ಹಾಕಿದ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲುವ ರೂಢಿಯಿದೆ. ಹುಳಿಯಿಂದಾಗಿ ಬೇಯಲು ತಡವಾಗುವುದನ್ನು ಇಲ್ಲಿ ಸಹಿಸಿಕೊಳ್ಳಬೇಕು. ಅರೆಬೆಂದ ಸುವರ್ಣಗೆಡ್ಡೆ ತಿನ್ನಲು ಯೋಗ್ಯವಲ್ಲ.

ಊಟದಲ್ಲಿ ಇದರ ಸ್ಥಾನ

ಈ ಗೊಜ್ಜು ರಾಗಿರೊಟ್ಟಿಗೆ, ಅಕ್ಕಿರೊಟ್ಟಿಗೆ, ತುಪ್ಪ ಹಾಕಿದ ಬಿಸಿ ಅನ್ನಕ್ಕೆ ಒಪ್ಪುತ್ತದೆ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದರಿಂದ ಅಲ್ಲಿ ಇದು ಪಕ್ಕದ ವ್ಯಂಜನವಾಗಿರುತ್ತದೆ. ಹಸಿ ಗೆಣಸಿನ ನೂರು ಗ್ರಾಮಿನಲ್ಲಿ ಸುಮಾರು 86 ಕಿಲೋಕ್ಯಾಲರಿ ಶಕ್ತಿಯಿದೆ, ನಾರೂ ಪೊಟ್ಯಾಸಿಯಮ್ಮೂ ಸಾಕಷ್ಟಿವೆ. ಕಿತ್ತಳೆ ಬಣ್ಣದ ತಿರುಳಿನ ತಳಿಗಳಲ್ಲಿ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಬೀಟಾ ಕ್ಯಾರೊಟಿನ್ ಹೇರಳವಾಗಿದ್ದು, ಒಗ್ಗರಣೆಯ ಎಣ್ಣೆ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. 1963ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಇಂತಹ ತಳಿಗಳನ್ನು ರೂಪಿಸಿದ್ದು, ‘ಭೂ ಸೋನಾ’ ಅವುಗಳಲ್ಲಿ ಒಂದು. ಆದರೆ ರಾಗಿಯೂ ಗೆಡ್ಡೆಯೂ ಪಿಷ್ಟಪ್ರಧಾನವಾದವು, ಮಸೆದ ಗೆಡ್ಡೆ ಬೇಗನೆ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸಬಲ್ಲದು. ಸಕ್ಕರೆ ಕಾಯಿಲೆ ಇರುವವರು ರೊಟ್ಟಿಯನ್ನು ಕಡಿಮೆ ಮಾಡಿ, ಅವರೆಕಾಳನ್ನೂ ಸೊಪ್ಪನ್ನೂ ಹೆಚ್ಚಿಸಿಕೊಂಡು ಗೊಜ್ಜನ್ನು ಮಿತವಾಗಿ ಉಣ್ಣುವುದು ಒಳಿತು.

ಸೌದೆ ಒಲೆಗಳು ಕಡಿಮೆಯಾಗಿ ಗ್ಯಾಸು, ಕುಕ್ಕರು, ಮಿಕ್ಸಿ ಬಹಳಷ್ಟು ಮನೆಗಳನ್ನು ತಲುಪಿರುವುದು ಅಡುಗೆ ಮಾಡುವವರ ಶ್ರಮವನ್ನು ಇಳಿಸಿದೆ, ಹೊಗೆಯಿಂದ ಅವರ ಕಣ್ಣನ್ನೂ ಉಸಿರನ್ನೂ ಕಾಪಾಡಿದೆ. ಅದರಿಂದ ಹಿಂದೆ ಸರಿಯಬೇಕಾದ ಅಗತ್ಯ ಯಾರಿಗೂ ಇಲ್ಲ. ಉಳಿಸಿಕೊಳ್ಳಬೇಕಾದದ್ದು ಹಳೆಯ ಅಡುಗೆ ಅನುಭವದಿಂದ ಕಂಡುಕೊಂಡಿದ್ದ ಕ್ರಮವನ್ನು. ಗೆಣಸಿಗೆ ನಿಧಾನದ ಉರಿ ಕೊಡುವುದು, ಬೆಂದ ಮೇಲೆ ಹಬೆ ಆರಗೊಡುವುದು, ಬಿಸಿಯಲ್ಲೇ ಒತ್ತಿ ಮಸೆಯುವುದು, ಹುಳಿಯನ್ನು ಕೊನೆಗೆ ಕೂಡಿಸುವುದು, ಈ ನಾಲ್ಕನ್ನು ಪಾಲಿಸಿದರೆ ಚನ್ನರಾಯನದುರ್ಗದ ಹಳ್ಳಿಯ ಒಲೆಯಲ್ಲಾಗಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾಸಿನ ಮೇಲಾಗಲಿ ಮಾಗಿಯ ಗೊಜ್ಜು ಒಂದೇ ಹದಕ್ಕೆ ಬರುತ್ತದೆ.