ಹುಲ್ಲುಹಾಸಿನ ಹಾವಸೆ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮನೆಯ ಮುಂದೆ ಗರಿಕೆಯ ಹಾಸನ್ನು ಬೆಳೆಸಿದ ಗೃಹಸ್ಥರಿಗೆ ಆಷಾಢ ಶ್ರಾವಣಗಳು ಬಂದೊಡನೆ ಒಂದು ಚಿಂತೆ ತಪ್ಪಿದ್ದಲ್ಲ. ಸೊಂಪಾಗಿದ್ದ ಹುಲ್ಲು ತೆಳುವಾಗಿ, ಅದರ ನಡುವೆ ಮಕಮಲ್ಲಿನಂತಹ ಹಾವಸೆ ಹಬ್ಬುತ್ತದೆ. ನೋಟಕ್ಕೆ ಅದು ರಮಣೀಯವೇ ಅಹುದು. ಆದರೆ ಅದರ ಮೇಲೆ ಕಾಲಿಟ್ಟ ವೃದ್ಧರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಆದುದರಿಂದ ಇದನ್ನು ಅಲ್ಪವಿಷಯವೆಂದು ತಳ್ಳಿಹಾಕತಕ್ಕುದಲ್ಲ.

ಅನೇಕರು ಹಾವಸೆಯನ್ನು ಕಂಡೊಡನೆ ಉಪ್ಪನ್ನೋ ಬ್ಲೀಚಿಂಗ್ ಪೌಡರನ್ನೋ ಎರಚುವರು. ಅದರಿಂದ ಹಾವಸೆಯೊಡನೆ ಗರಿಕೆಯೂ ಸುಟ್ಟುಹೋಗಿ, ಬರಿದಾದ ನೆಲದಲ್ಲಿ ಮರುವರ್ಷ ಹಾವಸೆ ಇಮ್ಮಡಿಯಾಗುತ್ತದೆ. ಮೈಲುತುತ್ತವಾದರೋ ಮಳೆನೀರಿನೊಡನೆ ಹರಿದು ಕೆರೆತೊರೆಗಳ ಮೀನುಗಳಿಗೆ ವಿಷವಾಗುವುದು.

ಹಾವಸೆಗೆ ನಿಜವಾದ ಬೇರುಗಳಿಲ್ಲ. ಹುಲ್ಲನ್ನು ಕೊಂದು ಅದು ಬೆಳೆಯುವುದೂ ಇಲ್ಲ. ಹುಲ್ಲು ಬಲಗುಂದಿ ಬಿಟ್ಟ ಎಡೆಯಲ್ಲಿ ಬಂದು ನೆಲಸುತ್ತದೆ, ಅಷ್ಟೆ. ಹುಲ್ಲು ಬಲಗುಂದಲು ಮುಖ್ಯ ಕಾರಣಗಳು ನಾಲ್ಕು: ನೆರಳು, ನಿಂತ ನೀರು, ತುಳಿದು ಗಟ್ಟಿಯಾದ ಮಣ್ಣು, ಮಣ್ಣಿನ ಹುಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಂತಹ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಆ ಸೀಮೆಯ ಕೆಂಪುಮಣ್ಣು ಹುಳಿಯಾಗುವುದು ಸಹಜ.

ಹಾವಸೆಯನ್ನು ತೆಗೆಯಲು ಅನ್ನಭೇದಿ ಒಳ್ಳೆಯ ಸಾಧನ. ಗೊಬ್ಬರದ ಅಂಗಡಿಗಳಲ್ಲಿ ಇದು ಫೆರಸ್ ಸಲ್ಫೇಟ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ನೂರು ಚದರಡಿಯ ಹಾಸಿಗೆ ೨೦ ಗ್ರಾಂ ಅನ್ನಭೇದಿಯನ್ನು ೫ ಲೀಟರು ನೀರಿನಲ್ಲಿ ಕರಗಿಸಿ, ಮಳೆ ಹೊಳವಾದ ದಿನ ಸಮವಾಗಿ ಚಿಮುಕಿಸಬೇಕು. ಕೆಲವು ದಿನಗಳಲ್ಲಿ ಹಾವಸೆ ಕಪ್ಪಾಗುವುದು. ಆಗ ಅದನ್ನು ಕೆರೆದು ತೆಗೆಯಬೇಕು. ಈ ನೀರು ಬಟ್ಟೆಗೂ ಸಿಮೆಂಟಿನ ನೆಲಕ್ಕೂ ತಾಗಿದರೆ ತುಕ್ಕಿನ ಕಲೆ ಉಳಿಯುತ್ತದೆ. ಮಕ್ಕಳನ್ನೂ ದನಕರುಗಳನ್ನೂ ಕೆಲವು ದಿನ ಅತ್ತ ಬಿಡಬಾರದು. ಗಣೇಶನ ಹಬ್ಬಕ್ಕೆ ಗರಿಕೆ ಕೊಯ್ಯುವ ಮೂಲೆಗೆ ಇದನ್ನು ಹಾಕದಿರುವುದೇ ಲೇಸು.

ಇಷ್ಟಕ್ಕೇ ನಿಲ್ಲಿಸಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ. ಮುಂದಿನ ಕೆಲಸವೇ ಮುಖ್ಯವಾದುದು. ನೀರು ನಿಲ್ಲುವಲ್ಲಿ ಕಾಲುವೆ ತೆಗೆಯಬೇಕು. ಗಟ್ಟಿಯಾದ ನೆಲವನ್ನು ನಾಲ್ಕು ಬೆರಳು ಆಳಕ್ಕೆ ಚುಚ್ಚಿ ಮರಳನ್ನೂ ಕಳಿತ ಗೊಬ್ಬರವನ್ನೂ ತುಂಬಬೇಕು. ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಾಗಿದ್ದರೆ ಮಾತ್ರ ಅವರು ಹೇಳಿದ ಪ್ರಮಾಣದಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಹಾಕಬೇಕು. ಅನ್ನಭೇದಿಗೂ ಸುಣ್ಣಕ್ಕೂ ನಡುವೆ ಒಂದು ತಿಂಗಳ ಅಂತರವಿರಲಿ. ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ.

ಅಮರಕೋಶದಲ್ಲಿ ದೂರ್ವೆಗೆ ಶತಪರ್ವಿಕಾ, ಅನಂತಾ ಎಂಬ ಹೆಸರುಗಳಿವೆ. ನೂರು ಗೆಣ್ಣುಗಳುಳ್ಳದ್ದು, ಕೊನೆಯಿಲ್ಲದ್ದು ಎಂದರ್ಥ. ನೆಲ ತಾಗಿದ ಗೆಣ್ಣುಗಳಲ್ಲೆಲ್ಲ ಬೇರು ಬಿಡುವ ಈ ಗುಣವೇ ನಮಗೆ ಉಪಕಾರಿ. ಮಳೆ ಇಳಿದು ಬಿಸಿಲು ಬಂದ ಭಾದ್ರಪದ ಆಶ್ವಯುಜಗಳಲ್ಲಿ, ಎರಡು ಮೂರು ಗೆಣ್ಣುಗಳುಳ್ಳ ಬಳ್ಳಿಗಳನ್ನು ನಾಲ್ಕು ನಾಲ್ಕು ಬೆರಳಿಗೊಂದರಂತೆ ನೆಟ್ಟರೆ, ಬರಿದಾದ ನೆಲವನ್ನು ಗರಿಕೆಯೇ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಹುಲ್ಲನ್ನು ತೀರ ಬೋಳಿಸದೆ ಎರಡು ಬೆರಳಿನಷ್ಟು ಉಳಿಸಿ ಕತ್ತರಿಸಬೇಕು.

ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹಲಸು ಮಾವುಗಳ ಕೊಂಬೆಗಳನ್ನು ಸವರಿದರೂ ಅಷ್ಟು ಬೆಳಕು ಬೀಳದಿದ್ದರೆ, ಅಲ್ಲಿ ಗರಿಕೆಯ ಆಸೆಯನ್ನು ಬಿಟ್ಟು ಒಂದೆಲಗವನ್ನು ಹಬ್ಬಿಸಬಹುದು. ನೆಲವೂ ಮುಚ್ಚುವುದು, ತಂಬುಳಿಗೂ ಆಗುವುದು. ಯಾವುದೂ ಬೆಳೆಯದ ದಟ್ಟ ನೆರಳಿನಲ್ಲಿ ಹಾವಸೆ ಇದ್ದರೆ ಇರಲಿ. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಅದೂ ಹಿಡಿದಿಡುತ್ತದೆ. ಆದರೆ ಮನೆಯವರು ಓಡಾಡುವ ದಾರಿಯಲ್ಲಿ ಮಾತ್ರ ಅದನ್ನು ಉಳಿಯಗೊಡಬಾರದು.